ಬಂದೂಕಿಲ್ಲದ ಊರಲ್ಲಿ ರೈಫಲ್ ಆರಿಸಿದ್ದು

ಸಿಂಗಾಪುರಕ್ಕೆ ಜನ ಏನೇನೋ ನೋಡಲು ಹೋಗುತ್ತಾರೆ. ನಾನು ಹೋಗಿದ್ದು ಒಂದು ರೈಫಲ್ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಲು. ಇದನ್ನು ಹೇಳಿದಾಗಲೆಲ್ಲ ಕೇಳಿದವರು ನಗುತ್ತಾರೆ. ಆ ಊರಿನ ಬೀದಿಯಲ್ಲಿ ಬಂದೂಕಿನ ಅಂಗಡಿ ಎಂಬುದೇ ಇಲ್ಲ. ಅಲ್ಲಿಗೆ ಹೋಗಿ ಬೇಟೆಯ ರೈಫಲ್ ಆರಿಸುವುದೆಂದರೆ ಮಾಂಸದ ಸಾರು ಹುಡುಕಿಕೊಂಡು ಮಠಕ್ಕೆ ಹೋದ ಹಾಗೆ. ಆದರೂ ನಡೆದದ್ದು ಹಾಗೆಯೇ.

ಗೋಣಿಕೊಪ್ಪ, ಹೊರಡುವ ಮುಂಚೆ

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಹೊಟ್ಟೆನೋವು ಎಂದು ಹೇಳಿ ಮರದ ನೆರಳಿಗೆ ಹೋಗಿ ಕೂರುವ ಮಕ್ಕಳನ್ನು ನೋಡಿ ನೋಡಿ, ಯಾರ ಮಾತನ್ನೂ ಮೊದಲ ಸಲಕ್ಕೆ ನಂಬದಿರುವುದು ಅಭ್ಯಾಸವಾಗಿಬಿಟ್ಟಿದೆ. ನಿವೃತ್ತಿಯಾದ ಮೇಲೆ ಆ ಅಭ್ಯಾಸ ಇನ್ನೂ ಹೆಚ್ಚಾಗಿದೆ ಎಂದು ಮಗಳು ಕಾವೇರಿ ಹೇಳುತ್ತಾಳೆ. ಅವಳು ಹಾಗೆ ಯಾಕೆ ಹೇಳುತ್ತಾಳೆ ಎಂಬುದರ ಬಗ್ಗೆಯೂ ನನಗೆ ಅನುಮಾನವಿದೆ.

ನಮ್ಮ ಒಕ್ಕದಲ್ಲಿ, ಎಂದರೆ ನನ್ನ ಗಂಡನ ಮನೆತನದಲ್ಲಿ, ಕೈಲ್‌ಪೊಳ್ದ್ ಹಬ್ಬದ ದಿನ ಬಂದೂಕುಗಳನ್ನು ದೀಪದ ಮುಂದೆ ಸಾಲಾಗಿ ನಿಲ್ಲಿಸಿ, ನಳಿಗೆಗೆ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ಗದ್ದೆಯ ಮೇಲಿನ ಹುಲ್ಲುಬಯಲಿನಲ್ಲಿ ಒಂದು ಬಿದಿರಿನ ಕಂಬ ನೆಟ್ಟು, ಅದಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತೇವೆ. ಮೊದಲ ಗುಂಡು ಮನೆಯ ಹಿರಿಯರದು. ನನ್ನ ಗಂಡ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಹೆಂಗಸು ಎಂದು ಯಾರೂ ತಕರಾರು ಮಾಡಲಿಲ್ಲ. ಮಾಡುವ ಧೈರ್ಯವೂ ಯಾರಿಗೂ ಇರಲಿಲ್ಲ.

ಬಹಳ ವರ್ಷ ನನ್ನ ಗುಂಡಿಗೆ ಕಾಯಿ ಒಡೆದು ನೀರು ಚಿಮ್ಮಿತು. ಆಮೇಲೆ ಗುರಿ ತಪ್ಪತೊಡಗಿತು. ಮೊದಲ ಸಲ ತೋಟಾ ಹಳೆಯದು ಎಂದುಕೊಂಡೆ. ಎರಡನೇ ಸಲ, ನನ್ನ ಮೈದುನನ ಮಗ ಬೋಪಣ್ಣ ಬೇಕೆಂದೇ ಪುಟ್ಟ ಕಾಯಿ ಹುಡುಕಿ ಕಟ್ಟಿದ್ದಾನೆ ಎಂದುಕೊಂಡೆ. ಕಳೆದ ವರ್ಷ ಗುರಿ ಹಿಡಿದಾಗ ಕಾಯಿ ಎಲ್ಲೋ ದೂರದಲ್ಲಿ ಮಸುಕಾಗಿ ಕಂಡಿತು. ಈ ಹುಡುಗ ಕಂಬವನ್ನೇ ಹಿಂದಕ್ಕೆ ನೆಟ್ಟಿದ್ದಾನೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದೆ. ನನ್ನ ನಂತರ ಮೊದಲ ಗುಂಡು ಅವನಿಗೇ ತಾನೇ ಹೋಗುವುದು.

ಕೊನೆಗೆ ತಪ್ಪನ್ನೆಲ್ಲ ರೈಫಲ್ ಮೇಲೆ ಹೊರಿಸಿದೆ. ಅದು ನನ್ನ ಗಂಡನದು. ಬೋಲ್ಟ್ ಇರುವ ಹಳೆಯ ಕಾಲದ ರೈಫಲ್. ಬಾಗಿಲಿನ ಅಗುಳಿಯನ್ನು ಎತ್ತಿ ಎಳೆದ ಹಾಗೆ ಬೋಲ್ಟನ್ನು ಎಳೆದು, ತೋಟಾ ಇಟ್ಟು, ಮತ್ತೆ ಮುಂದಕ್ಕೆ ತಳ್ಳಿ ಕೂರಿಸಬೇಕು. ಅದರ ಸ್ಟಾಕ್, ಎಂದರೆ ಹೆಗಲಿಗೆ ಒತ್ತಿಕೊಂಡು ಕೆನ್ನೆ ಇಡುವ ಮರದ ಭಾಗ, ಆರಡಿ ಎತ್ತರದ ನನ್ನ ಗಂಡನಿಗೆ ಸರಿಯಾಗಿತ್ತು. ನಾನೋ ಅವರ ಹೆಗಲಿಗೂ ಬರದವಳು. ಹೊಸ ರೈಫಲ್ ತೆಗೆದುಕೊಳ್ಳುತ್ತೇನೆ ಎಂದು ಒಕ್ಕದ ಎಲ್ಲರ ಮುಂದೆ ಹೇಳಿದೆ. ಬೋಪಣ್ಣ ತಲೆ ತಗ್ಗಿಸಿಕೊಂಡು, "ರೈಫಲ್ ಎಲ್ಲ ಯಾಕೆ ದೊಡ್ಡಮ್ಮ? ಈ ಸಲ ನೀವು ದೀಪ ಹಚ್ಚಿ. ಮೊದಲ ಗುಂಡು ನಾನು ಹೊಡೀತೀನಿ" ಅಂದ. ನಾವು ಮಾತಾಡುವುದು ಕೊಡವ ಭಾಷೆಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾವ ಭಾಷೆಯಲ್ಲಾದರೂ ಆ ಮಾತು ನನಗೆ ಚುಚ್ಚಿತು.

ಮೈಸೂರಿನ ಬಂದೂಕಿನ ಅಂಗಡಿಯವನು ಎರಡು ರೈಫಲ್ ತೋರಿಸಿದ. ಎರಡೂ ಮಧ್ಯಮ ಬೆಲೆಯವು, ಎರಡೂ ಹೆಸರಿಗೆ ಬೇಟೆಯವು. ಬೇಟೆ ನಿಷೇಧವಾಗಿ ಎಷ್ಟೋ ಕಾಲವಾಯಿತು, ನಮ್ಮಲ್ಲಿ ಅವು ಬೇಟೆಯಾಡುವುದು ತೆಂಗಿನಕಾಯಿಯನ್ನು ಮಾತ್ರ. ಒಂದಕ್ಕೆ ಅಕ್ರೋಟ್ ಮರದ ಸ್ಟಾಕ್. ಜೇನುಬಣ್ಣ, ನೀರಿನ ಅಲೆಯ ಹಾಗೆ ಗೆರೆಗಳು, ಕೆನ್ನೆ ಕೂರಲೆಂದು ಒಂದು ಪಕ್ಕದಲ್ಲಿ ಉಬ್ಬಿಸಿ ಕೆತ್ತಿದ ದಿಂಬು. ಇನ್ನೊಂದಕ್ಕೆ ಕಪ್ಪು ಪ್ಲಾಸ್ಟಿಕ್ ಸ್ಟಾಕ್, ಎರಡು ಪಕ್ಕವೂ ಒಂದೇ ಥರ, ನೋಡಲು ಕೊಡೆಯ ಹಿಡಿಯಷ್ಟೇ ಚೆಂದ. ಹಿಂಬದಿಯ ಬಿಲ್ಲೆಗಳನ್ನು ತೆಗೆದು ಅದನ್ನು ಗಿಡ್ಡ ಮಾಡಬಹುದಂತೆ. ಅಂಗಡಿಯವನು ನಾನು ಮರದ್ದನ್ನು ಎತ್ತಿ ಹಿಡಿದದ್ದನ್ನು ಒಂದು ಗಳಿಗೆ ನೋಡಿದ. ಆಮೇಲೆ ಕಪ್ಪನೆಯದನ್ನೇ ಹೊಗಳತೊಡಗಿದ. ಮಾರಾಟವಾಗದೆ ಉಳಿದ ಮಾಲು ಇರಬೇಕು ಎಂದುಕೊಂಡೆ. ಯೋಚಿಸಿ ಹೇಳುತ್ತೇನೆ, ಎರಡನ್ನೂ ಯಾರಿಗೂ ಕೊಡಬೇಡ ಎಂದು ಹೇಳಿ, ಫೋಟೊ ತೆಗೆದುಕೊಂಡು ಬಂದೆ.

ಅದೇ ವಾರ ಕಾವೇರಿ ಟಿಕೆಟ್ ಕಳಿಸಿದಳು. ಅಳಿಯ ಶ್ರೀಧರ ಫೋನ್ ಮಾಡಿ, ಮೊಮ್ಮಗಳು ಪೂವಿ ಶಾಲೆಯ ಶೂಟಿಂಗ್ ತಂಡದಲ್ಲಿದ್ದಾಳೆ, ಅವಳ ಕೋಚ್ ಬಳಿ ಎರಡೂ ಬಗೆಯ ಸ್ಟಾಕ್ ಇದೆ, ಹಿಡಿದು ನೋಡಿ ತೀರ್ಮಾನ ಮಾಡಬಹುದು ಅಂದ. ಶ್ರೀಧರ ಮೈಸೂರಿನವನು, ಮೊಟ್ಟೆಯನ್ನೂ ಮುಟ್ಟದವನು. ಅವನಿಗೆ ಇದ್ದಕ್ಕಿದ್ದಂತೆ ಬಂದೂಕಿನ ಮೇಲೆ ಪ್ರೀತಿ ಹುಟ್ಟಿದ್ದು ಹೇಗೆ? ಇದರಲ್ಲಿ ಏನೋ ಇದೆ ಎಂದುಕೊಂಡೇ ಪೆಟ್ಟಿಗೆ ಕಟ್ಟಿದೆ.

ವಿಮಾನ ನಿಲ್ದಾಣ

ಸಿಂಗಾಪುರದಲ್ಲಿ ಪಾಸ್‌ಪೋರ್ಟ್ ನೋಡಲು ಮನುಷ್ಯರಿಲ್ಲ. ಗಾಜಿನ ಗೇಟಿನೊಳಗೆ ನಿಂತರೆ ಒಂದು ಯಂತ್ರ ಮುಖ ನೋಡುತ್ತದೆ, ಕಣ್ಣು ನೋಡುತ್ತದೆ, ಬಾಗಿಲು ತೆರೆಯುತ್ತದೆ. ನನ್ನ ಮುಂದಿದ್ದ ಮುದುಕ, ಕೂಸನ್ನು ಎತ್ತಿಕೊಂಡ ಹೆಂಗಸು, ಎಲ್ಲರೂ ಸಲೀಸಾಗಿ ಹೋದರು. ನನಗೆ ಮಾತ್ರ ಅದು ಕನ್ನಡಕ ತೆಗೆಯಿರಿ ಅಂದಿತು, ನೇರ ನೋಡಿ ಅಂದಿತು, ಮತ್ತೆ ನೇರ ನೋಡಿ ಅಂದಿತು. ನಾನು ನೇರವೇ ನೋಡುತ್ತಿದ್ದೆ.

ಒಬ್ಬ ಅಧಿಕಾರಿ ಬಂದು, ನನ್ನನ್ನು ಪಕ್ಕದ ಮೇಜಿಗೆ ಕರೆದುಕೊಂಡು ಹೋದ. ನಾನು ಕೈಚೀಲವನ್ನು ಎದೆಗವಚಿಕೊಂಡೆ. ಫೋನಿನಲ್ಲಿ ರೈಫಲ್ ಫೋಟೊಗಳಿವೆಯಲ್ಲ, ಅದು ಇವರಿಗೆ ಗೊತ್ತಾಗಿದೆ, ವಿಮಾನದಲ್ಲಿ ಪಕ್ಕದಲ್ಲಿ ಕೂತಿದ್ದ ಗಂಡಸು ನಾನು ಅವನ್ನು ನೋಡುವಾಗ ಇಣುಕಿದ್ದ, ಅವನೇ ಹೇಳಿರಬೇಕು. ಅಧಿಕಾರಿ ಬೆರಳಚ್ಚು ತೆಗೆದುಕೊಂಡು, ನನ್ನ ಮುಖವನ್ನೊಮ್ಮೆ ನೋಡಿ, "ವೆಲ್‌ಕಮ್ ಆಂಟಿ" ಅಂದ. ಇಷ್ಟು ಸುಲಭವಾಗಿ ಬಿಟ್ಟದ್ದು ಕೂಡ ನನಗೆ ಸರಿ ಕಾಣಲಿಲ್ಲ.

ಜುರಾಂಗ್ ವೆಸ್ಟ್

ಕಾವೇರಿಯ ಮನೆ ಅಲ್ಲಿನ ಒಂದು ಬಹುಮಹಡಿ ಕಟ್ಟಡದ ಉದ್ದನೆಯ ಮೊಗಸಾಲೆಯ ಕೊನೆಯಲ್ಲಿ. ಒಂದೇ ಸಾಲಿನಲ್ಲಿ ಹತ್ತಾರು ಬಾಗಿಲು, ಪ್ರತಿ ಬಾಗಿಲ ಹೊರಗೆ ಚಪ್ಪಲಿ ಗೂಡು, ಸೈಕಲ್ಲು, ಹೂಕುಂಡ. ಒಳ್ಳೊಳ್ಳೆ ಶೂಗಳನ್ನು ಜನ ಹೊರಗೆ ಬಿಟ್ಟು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ನಮ್ಮಲ್ಲಿ ಮದುವೆ ಮಂಟಪದ ಹೊರಗೆ ಬಿಟ್ಟ ಚಪ್ಪಲಿಯನ್ನೇ ತಾಳಿ ಕಟ್ಟುವ ಹೊತ್ತಿನಲ್ಲಿ ಒಮ್ಮೆ ಹೋಗಿ ನೋಡಿ ಬರುತ್ತೇವೆ. ಯಾರೂ ಯಾರನ್ನೂ ಅನುಮಾನಿಸದ ಊರಿನಲ್ಲಿ ನನಗೆ ಕೈಕಾಲು ಕಟ್ಟಿಹಾಕಿದ ಹಾಗಾಯಿತು.

ಎರಡನೇ ದಿನ ಮನೆಯಲ್ಲಿ ನಾನೊಬ್ಬಳೇ. ಪಕ್ಕದ ಬಾಗಿಲ ಮುಂದೆ ಯಾರೋ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಹೋದರು. ಬಾಗಿಲು ತಟ್ಟಲೂ ಇಲ್ಲ. ಬಹಳ ಹೊತ್ತು ಜಾಲರಿ ಬಾಗಿಲಿನಿಂದ ಅದನ್ನೇ ಕಾದೆ. ಊಟದ ಹೊತ್ತಾಯಿತು. ಯಾರಾದರೂ ಹೊಡೆದುಕೊಂಡು ಹೋದರೆ ಪಾಪ ಎಂದು ಒಳಗೆ ತಂದಿಟ್ಟುಕೊಂಡೆ. ಸಂಜೆ ಆ ಮನೆಯವರು ಬಂದ ಸದ್ದಾದಾಗ, ಅವರಿಗೆ ಯಾವ ಭಾಷೆಯಲ್ಲಿ ವಿವರಿಸುವುದು ಎಂದು ಹೆದರಿದೆ. ತಂದವನು ಸರಿಯಾದ ಬಾಗಿಲಿಗೇ ಇಟ್ಟಿದ್ದನೋ ಇಲ್ಲವೋ ಎಂಬ ಅನುಮಾನವೂ ಬಂದು, ಸದ್ದಿಲ್ಲದೆ ಪೆಟ್ಟಿಗೆಯ ಮೇಲಿನ ನಂಬರ್ ನೋಡಿ ಅದೇ ನಂಬರಿನ ಬಾಗಿಲಿಗೆ ಇಟ್ಟು ಬಂದೆ.

ಕಾವೇರಿ ಆಫೀಸಿನಿಂದ ಬರುವಷ್ಟರಲ್ಲಿ ಪಕ್ಕದ ಮನೆಯ ಚೀನೀ ಆಂಟಿ ಮೊಗಸಾಲೆಯಲ್ಲಿ ಪೆಟ್ಟಿಗೆ ಹುಡುಕುತ್ತಿದ್ದಳು. ಅದು ಆರು ಮನೆ ಆಚೆ ಬೇರೊಬ್ಬರ ಬಾಗಿಲಲ್ಲಿ ಸಿಕ್ಕಿತು. ಒಂದನ್ನು ನಾನು ಏಳು ಎಂದು ಓದಿದ್ದೆ ಎಂದರು. ನಾನು ಒಪ್ಪಲಿಲ್ಲ. ನಾನು ಸರಿಯಾಗಿಯೇ ಇಟ್ಟಿದ್ದೆ, ನಡುವೆ ಯಾರೋ ಜರುಗಿಸಿದ್ದಾರೆ ಎಂದೆ. ಆ ಆಂಟಿ ನಗುತ್ತಾ ನನಗೆ ಎರಡು ಕಿತ್ತಳೆ ಕೊಟ್ಟಳು. ಕಾವೇರಿ ಮತ್ತು ಶ್ರೀಧರ ಮಾತ್ರ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟವನ್ನು ನಾನು ಗಮನಿಸಿ ಮನಸ್ಸಿನಲ್ಲಿಟ್ಟುಕೊಂಡೆ.

ಬೂನ್ ಲೇಯಿಂದ ರೈಲು

ಪೂವಿಗೆ ಶಾಲೆಗೆ ರಜೆ. ಹದಿನಾರರ ಹುಡುಗಿ, ಅಲ್ಲೇ ಬೆಳೆದವಳು, ಕನ್ನಡ ಮಾತಾಡಿದರೆ ಅರ್ಧ ಇಂಗ್ಲಿಷ್, ಮಾತಿನ ಕೊನೆಗೆ ಆ ಊರಿನವರ ಹಾಗೆ ಒಂದು 'ಲಾ'. ಪೇಟೆ ಸುತ್ತಿಸುತ್ತೇನೆ ಎಂದು ಬೂನ್ ಲೇ ಸ್ಟೇಷನ್ನಿನಿಂದ ನನ್ನನ್ನು ಎಂಆರ್‌ಟಿ, ಎಂದರೆ ಅಲ್ಲಿನ ಮೆಟ್ರೋ, ಹತ್ತಿಸಿದಳು. ರೈಲು ತುಂಬ ಜನ, ಆದರೆ ಗಾಳಿಯ ಸದ್ದು ಬಿಟ್ಟರೆ ಮತ್ತೇನಿಲ್ಲ. ನಮ್ಮ ಬಸ್ಸಿನಲ್ಲಿ ಇಷ್ಟು ಜನ ಇಷ್ಟು ಸುಮ್ಮನೆ ಕೂತರೆ ಯಾರೋ ಸತ್ತಿರಬೇಕು ಎಂದು ಡ್ರೈವರ್ ಗಾಡಿ ನಿಲ್ಲಿಸುತ್ತಾನೆ.

ಆಗ ಬೋಪಣ್ಣನ ಫೋನ್ ಬಂತು. ಅಂಗಡಿಯವನು ಭಾನುವಾರದೊಳಗೆ ಹೇಳಿ ಎಂದಿದ್ದಾನಂತೆ, ಮರದ ಸ್ಟಾಕಿನದಕ್ಕೆ ಬೇರೆ ಗಿರಾಕಿ ಬಂದಿದ್ದಾನಂತೆ. ಇದು ಅಂಗಡಿಯವರ ಹಳೇ ಆಟ ಎಂದು ನನಗೆ ಗೊತ್ತು. ನಾನು ಜೋರಾಗಿಯೇ ಮಾತಾಡಿದೆ. ಮೈದಾನದಲ್ಲಿ ಕೂಗಿ ಕೂಗಿ ಬಂದ ಗಂಟಲು, ತಗ್ಗಿಸಲು ಬರುವುದಿಲ್ಲ. ರೈಫಲ್ ನೋಡದೆ ಹೇಳಲ್ಲ, ಬೋಲ್ಟ್ ಹೇಗಿದೆಯೋ, ಬುಲೆಟ್ ಇವರೇ ಕೊಡ್ತಾರೋ, ಶೂಟ್ ಮಾಡೋಳು ನಾನು ತಾನೇ ಎಂದೆಲ್ಲ ಹೇಳುತ್ತಿದ್ದೆ. ನನ್ನ ಮಾತಿನಲ್ಲಿ ಆ ಬೋಗಿಯ ಜನಕ್ಕೆ ತಿಳಿಯುತ್ತಿದ್ದದ್ದು ಅವೇ ನಾಲ್ಕು ಶಬ್ದ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಎದುರಿನ ಗಂಡಸು ಎದ್ದು ಆಚೆ ಹೋದ. ಪೂವಿ ನನ್ನ ಮೊಣಕೈ ಹಿಡಿದು ಎಳೆಯುತ್ತಿದ್ದಳು.

ಮುಂದಿನ ಸ್ಟೇಷನ್ನಿನಲ್ಲಿ ಸಮವಸ್ತ್ರದ ಇಬ್ಬರು ನಮ್ಮನ್ನು ಇಳಿಸಿಕೊಂಡರು. ಪೂವಿ ಕೆಂಪಗಾಗಿ, ಗಡಗಡ ಎಂದು ಏನೋ ವಿವರಿಸಿದಳು. ಇಬ್ಬರೂ ಬಹಳ ಮರ್ಯಾದೆಯಿಂದ ನನ್ನ ಕೈಚೀಲ ನೋಡಿದರು. ಅದರಲ್ಲಿದ್ದದ್ದು ಕಿತ್ತಳೆ, ಕನ್ನಡಕದ ಬಟ್ಟೆ, ಒಂದು ಪೊಟ್ಟಣ ಗೋಡಂಬಿ. ಒಬ್ಬ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಯಾಕೆ ಎಂದು ಪೂವಿಯನ್ನು ಕೇಳಿದ. ಅವಳು ನನ್ನ ಕಡೆ ತಿರುಗಿ ಅದನ್ನೇ ಕೇಳಿದಳು. ಹಬ್ಬ ಎಂದು ಹೇಳು ಅಂದೆ. ನಮ್ಮೂರಿನಲ್ಲಿ ಹಬ್ಬದ ವಾರ ಬಟ್ಟೆ ಸುತ್ತಿದ ಬಂದೂಕು ಹಿಡಿದು ಬಸ್ ಹತ್ತಿದರೆ, ಹಿಂದೆ ಸರಿದು ನಿಲ್ಲಿ ಎಂಬುದಕ್ಕಿಂತ ಹೆಚ್ಚಿಗೆ ಕಂಡಕ್ಟರ್ ಏನೂ ಹೇಳುವುದಿಲ್ಲ.

ವಾಪಸ್ ಬರುವಾಗ ಪೂವಿ ನನ್ನ ಫೋನನ್ನು ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡಳು. "ಅಜ್ಜಿ, ಮನೆಗೆ ಹೋಗೋವರೆಗೂ ನೋ ಟಾಕಿಂಗ್, ಕ್ಯಾನ್ ಆರ್ ನಾಟ್?" ಎಂದು ಕೇಳಿದಳು. ನಾನು ತಲೆಯಾಡಿಸಿದೆ.

ರೇಂಜ್

ಮರುದಿನ ಶ್ರೀಧರ ರಜೆ ಹಾಕಿ ನಮ್ಮನ್ನು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದ. ನಾನು ನಮ್ಮ ಬಂದೂಕುಗಳನ್ನು ನೆನೆದು ಬೇಜಾರುಪಟ್ಟುಕೊಂಡೆ. ನಮ್ಮಲ್ಲಿ ಬಂದೂಕು ಮನೆಯ ಒಬ್ಬ ಸದಸ್ಯನ ಹಾಗೆ, ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಎರಡು. ಅಲ್ಲಿ ಅದು ಕೈದಿ. ಉಕ್ಕಿನ ಬಾಗಿಲು, ಒಳಗೆ ಇನ್ನೊಂದು ಬಾಗಿಲು, ಸರಪಣಿ, ಸಹಿ, ಪಾಸ್‌ಪೋರ್ಟ್. ಸ್ವಂತ ರೈಫಲ್ ಇರುವವರೂ ಅದನ್ನು ಮನೆಗೆ ಒಯ್ಯುವಂತಿಲ್ಲವಂತೆ.

ಕೋಚ್ ನಡುವಯಸ್ಸಿನ ತಮಿಳರು, ಮಿತಮಾತಿನವರು. ಅವರು ಎರಡು ರೈಫಲ್ ತಂದು ಮೇಜಿನ ಮೇಲಿಟ್ಟರು. ಎರಡೂ ಖಾಲಿ, ಗುಂಡಿನ ಗೂಡಿಗೆ ಕಿತ್ತಳೆ ಬಣ್ಣದ ಕಡ್ಡಿ ಸಿಕ್ಕಿಸಿದ್ದರು. ಒಂದಕ್ಕೆ ಕೆನ್ನೆ ದಿಂಬಿನ ಮರದ ಸ್ಟಾಕ್, ಒಂದಕ್ಕೆ ಕಪ್ಪನೆಯದು. ಮರದ್ದನ್ನು ಎತ್ತಿ ಬಲ ಹೆಗಲಿಗೆ ಇಟ್ಟೆ. ಹಳೇ ಸ್ನೇಹಿತೆ ಸಿಕ್ಕ ಹಾಗಾಯಿತು. ದೂರದ ಗುರಿಕಾಗದದ ಮೇಲೆ ಕಣ್ಣಿಟ್ಟೆ.

"ಅಜ್ಜಿ, ತಲೆ ಯಾಕೆ ಆ ಸೈಡಿಗೆ ಬೆಂಡ್ ಮಾಡ್ತೀರಾ?" ಎಂದು ಪೂವಿ ಕೇಳಿದಳು.

ನಾನು ಬಗ್ಗಿಸುತ್ತಿಲ್ಲ ಅಂದೆ. ಅವಳು ಫೋನಿನಲ್ಲಿ ಫೋಟೊ ತೆಗೆಯಲು ಕೋಚ್ ಬಳಿ ಅನುಮತಿ ಕೇಳಿ, ತೆಗೆದು ತೋರಿಸಿದಳು. ಬಲ ಹೆಗಲಿನ ರೈಫಲ್ ಮೇಲೆ ನನ್ನ ತಲೆ ಪೂರ್ತಿ ಆಚೆಗೆ ವಾಲಿತ್ತು. ಕಿಟಕಿಯ ಸರಳಿನ ಸಂದಿನಿಂದ ಪಕ್ಕದ ಮನೆ ನೋಡುವವಳ ಹಾಗೆ ಕತ್ತು ತಿರುಚಿ, ಗುರಿಯ ಗೆರೆಗೆ ನನ್ನ ಎಡಗಣ್ಣನ್ನು ತಂದಿದ್ದೆ. ಹಾಗೆ ಮಾಡುತ್ತಿದ್ದೇನೆಂದು ನನಗೆ ತಿಳಿದೇ ಇರಲಿಲ್ಲ.

ಕೋಚ್ ರೈಫಲ್ ತೆಗೆದುಕೊಂಡು ಕೆಳಗಿಟ್ಟರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಗುರಿಯನ್ನು ನೋಡಿ ಎಂದು ಸನ್ನೆ ಮಾಡಿದರು. ಮುಚ್ಚಿದೆ. ಬಿಳಿ ಕಾಗದದ ಅಂಚು ಕಂಡಿತು, ಅದನ್ನು ಹಿಡಿದ ಚೌಕಟ್ಟು ಕಂಡಿತು. ನಡುವೆ ಕಪ್ಪು ವೃತ್ತ ಇರಬೇಕಾದ ಜಾಗದಲ್ಲಿ ಬೂದಿಯ ಬಣ್ಣದ ಒಂದು ಕಲೆ. ಕಣ್ಣು ಸರಿಸಿದರೆ ಕಲೆಯೂ ಜೊತೆಗೆ ಸರಿಯಿತು.

"ಅಲ್ಲಿ ಲೈಟ್ ಆರಿಸಿದ್ದು ಯಾರು?" ಅಂದೆ.

ನಾನು ಶ್ರೀಧರನ ಕಡೆ ತಿರುಗಿದೆ. ಅವನು ತನ್ನ ಶೂ ನೋಡುತ್ತಿದ್ದ. ಅಂಗೈ ತೆಗೆದಾಗ ಲೈಟುಗಳೆಲ್ಲ ಇದ್ದಲ್ಲೇ ಉರಿಯುತ್ತಿದ್ದವು.

ಕಲ್ಲಾಂಗ್

ಕಣ್ಣಿನ ಡಾಕ್ಟರ ಕೋಣೆ ಕಲ್ಲಾಂಗಿನ ಒಂದು ಕಟ್ಟಡದಲ್ಲಿತ್ತು. ಅಪಾಯಿಂಟ್‌ಮೆಂಟ್ ಅದೇ ವಾರಕ್ಕೆ ಹೇಗೆ ಸಿಕ್ಕಿತು ಎಂದು ಕೇಳಿದ್ದಕ್ಕೆ ಕಾವೇರಿ ಸರಿಯಾಗಿ ಉತ್ತರ ಕೊಡಲಿಲ್ಲ. ಕಣ್ಣಿಗೆ ಹನಿ ಹಾಕಿದರು, ಯಂತ್ರಕ್ಕೆ ಗಲ್ಲ ಒತ್ತಿಸಿದರು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಅಷ್ಟು ಚಿಕ್ಕವಳಿಗೆ ಏನು ತಿಳಿದೀತು ಎಂದು ನಾನು ಇನ್ನೊಂದು ಯಂತ್ರದಲ್ಲೂ ನೋಡಿ ಅಂದೆ. ಅವಳು ಬೇಸರಿಸದೆ ಅದರಲ್ಲೂ ನೋಡಿದಳು. ಎರಡೂ ಯಂತ್ರ ಒಂದನ್ನೇ ಹೇಳಿದವು. ಬಲಗಣ್ಣಿನ ಒಳಪರದೆಯ ನಡುಭಾಗ ಹಾಳಾಗಿದೆ. ಹಳೆಯ ಗಾಯದ ಕಲೆಯ ಹಾಗೆ ಗಟ್ಟಿಯಾಗಿದೆ. ಆಪರೇಷನ್ನಿನಿಂದ ಸರಿಹೋಗುವಂಥದ್ದಲ್ಲ. ಒಂದು ಕಣ್ಣು ಹೋಗುತ್ತಿದ್ದರೆ ಇನ್ನೊಂದು ಅದರ ಕೆಲಸವನ್ನೂ ಮಾಡಿಬಿಡುತ್ತದೆ, ಅದಕ್ಕೇ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಎಡಗಣ್ಣು ಚೆನ್ನಾಗಿದೆ, ಅದನ್ನು ಕಾಪಾಡಿಕೊಳ್ಳಬೇಕು.

ಹೊರಗೆ ಬಂದು ಹತ್ತಿರದ ಹಾಕರ್ ಸೆಂಟರಿನಲ್ಲಿ ಕೂತೆವು. ಎಲ್ಲ ಬಗೆಯ ಅಡುಗೆಯ ಗೂಡಂಗಡಿಗಳಿರುವ ದೊಡ್ಡ ಊಟದ ಚಪ್ಪರ ಅದು. ಕಾವೇರಿ ಆಗ ಬಾಯಿಬಿಟ್ಟಳು. ಟಿಕೆಟ್ಟಿಗಿಂತ ಮೊದಲೇ ಡಾಕ್ಟರಿಗೆ ಬುಕ್ ಮಾಡಿದ್ದರು. ಬೋಪಣ್ಣ ಫೋನ್ ಮಾಡಿ, ದೊಡ್ಡಮ್ಮ ಕತ್ತು ವಾಲಿಸಿ ಗುರಿ ಹಿಡೀತಾರೆ, ನೋಡೋಕಾಗಲ್ಲ, ನೀನು ಏನಾದ್ರೂ ಮಾಡು ಎಂದು ಹೇಳಿದ್ದನಂತೆ. ಕೋಚು, ಸ್ಟಾಕು ಹಿಡಿದು ನೋಡುವುದು, ಎಲ್ಲ ನನ್ನನ್ನು ವಿಮಾನ ಹತ್ತಿಸಲು ಹೂಡಿದ್ದು.

"ಡೈರೆಕ್ಟ್ ಆಗಿ ಹೇಳಿದ್ರೆ ನೀವು ಬರ್ತಿರಲಿಲ್ಲ ಅತ್ತೆ" ಎಂದು ಶ್ರೀಧರ ಮೆಲ್ಲಗೆ ಹೇಳಿದ.

ಬರುತ್ತಿರಲಿಲ್ಲ, ನಿಜ. ಕಣ್ಣು ನೋಡಿಸು ಎಂದವರ ಕಣ್ಣನ್ನೇ ಮೊದಲು ನೋಡಿಸಿ ಎನ್ನುತ್ತಿದ್ದೆ. ಆದರೆ ಆ ಹೊತ್ತಿಗೆ ನನಗೆ ವಿಪರೀತ ಸಿಟ್ಟು ಬಂತು. ಏನೋ ಸಂಚು ನಡೆದಿದೆ ಎಂದು ನಾನು ಮೊದಲ ದಿನದಿಂದ ಅಂದುಕೊಂಡಿದ್ದೆ, ನಡೆದಿತ್ತು. ತೋಟಾವನ್ನು ಅನುಮಾನಿಸಿದೆ, ಕಾಯಿಯನ್ನು, ಕಂಬವನ್ನು, ಅಂಗಡಿಯವನನ್ನು, ಸತ್ತ ಗಂಡನ ರೈಫಲ್ಲನ್ನು ಕೂಡ ಬಿಡಲಿಲ್ಲ. ನನ್ನದೇ ಬಲಗಣ್ಣು ಇಷ್ಟು ದಿನ ನನಗೆ ಮೋಸ ಮಾಡುತ್ತಿದ್ದದ್ದು ಮಾತ್ರ ಗೊತ್ತಾಗಲಿಲ್ಲ. ಸಿಟ್ಟಿನ ಹಿಂದೆಯೇ ಅಳು ಬಂತು. ಗಂಡ ತೀರಿಕೊಂಡ ದಿನ ಎರಡು ಗುಂಡು ಹಾರಿಸಿದವಳು ನಾನೇ, ಆಗ ಅತ್ತಿರಲಿಲ್ಲ.

ಮೇಜಿನ ಮೇಲೆ ಒಂದು ಪುಟ್ಟ ಟಿಶ್ಯೂ ಪೊಟ್ಟಣವಿತ್ತು. ಅದನ್ನು ಹರಿದು ಕಣ್ಣು ಒರೆಸಿದೆ, ಮೂಗು ಒರೆಸಿದೆ, ಒಂದೊಂದಾಗಿ ಮುಗಿಸಿದೆ. ಪೂವಿ ಗಾಬರಿಯಿಂದ ನನ್ನನ್ನು ನೋಡುತ್ತಿದ್ದಳು. ನಾನು ಅತ್ತದ್ದಕ್ಕೆ ಎಂದುಕೊಂಡೆ. ಅಷ್ಟರಲ್ಲಿ ಆಫೀಸಿನ ಹುಡುಗಿಯೊಬ್ಬಳು ತಟ್ಟೆ ಹಿಡಿದು ಬಂದು ನಿಂತಳು. ಆ ಪೊಟ್ಟಣ ಅವಳದು. ಆ ಊರಿನಲ್ಲಿ ಮೇಜಿನ ಮೇಲೆ ಟಿಶ್ಯೂ ಇಟ್ಟು ಹೋದರೆ ಆ ಜಾಗ ಅವರದು ಎಂದು ಅರ್ಥವಂತೆ, ನಾವು ಬಸ್ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ಟವೆಲ್ಲಿನಲ್ಲಿ ಬೇರೆಯವರು ಮೂಗು ಒರೆಸಿಕೊಂಡರೆ ನಮ್ಮಲ್ಲಿ ಕೈಕೈ ಮಿಲಾಯಿಸುವುದು ಖಂಡಿತ. ಆ ಹುಡುಗಿ ನನ್ನ ಮುಖ ನೋಡಿದಳು, ಎದುರಿನ ಕುರ್ಚಿಯಲ್ಲಿ ಕೂತಳು, ಬ್ಯಾಗಿನಿಂದ ಇನ್ನೊಂದು ಪೊಟ್ಟಣ ತೆಗೆದು ನನ್ನ ಕಡೆ ತಳ್ಳಿ, ತನ್ನ ನೂಡಲ್ಸ್ ತಿನ್ನತೊಡಗಿದಳು. ಅವಳ ಮೇಲೆ ಮಾತ್ರ ನನಗೆ ಯಾವ ಅನುಮಾನವೂ ಬರಲಿಲ್ಲ.

ಮತ್ತೆ ರೇಂಜ್

ಎರಡು ದಿನ ನಾನು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಬೋಪಣ್ಣ ದೀಪ ಹಚ್ಚಿ ಅಂದದ್ದೇ ಸರಿ, ಇನ್ನು ಅದೇ ನನ್ನ ಕೆಲಸ ಎಂದು ಮಲಗಿದೆ, ಎದ್ದೆ. ಶನಿವಾರ ಬೆಳಗ್ಗೆ ಸ್ನಾನದ ಮನೆಯಿಂದ ಬಂದಾಗ ಪೂವಿ ಒಂದು ಮಡಿಸಿದ ಕೊಡೆಯನ್ನು ನನ್ನ ಎಡ ಹೆಗಲಿಗೆ ಇಟ್ಟು ಕನ್ನಡಿಯ ಮುಂದೆ ನಿಲ್ಲಿಸಿದಳು.

"ಅಜ್ಜಿ, ನಿಮ್ಮ ಲೆಫ್ಟ್ ಐ ಸೂಪರ್ ಇದೆ ಅಂತ ಡಾಕ್ಟರೇ ಹೇಳಿದ್ರಲ್ಲ. ಸ್ವಿಚ್ ಮಾಡಿ ಲಾ."

ಅವಳು ಇಷ್ಟು ಸುಲಭವಾಗಿ ಹೇಳಿದ್ದಕ್ಕೆ ನನಗೆ ಮೊದಲು ರೇಗಿತು. ಈ ವಯಸ್ಸಿನಲ್ಲಿ ಎಡಗೈಯಲ್ಲಿ ಊಟ ಮಾಡು ಎಂದ ಹಾಗಿತ್ತು. ಆದರೆ ಕನ್ನಡಿಯಲ್ಲಿ ನೋಡಿದರೆ ನನ್ನ ಕತ್ತು ನೆಟ್ಟಗಿತ್ತು.

ಅವತ್ತೇ ಮತ್ತೆ ಕ್ಲಬ್ಬಿಗೆ ಹೋದೆವು. ಮರದ ಸ್ಟಾಕನ್ನು ಎಡ ಹೆಗಲಿಗೆ ಇಟ್ಟೆ. ಕೆನ್ನೆ ದಿಂಬು ಆಚೆ ಪಕ್ಕದಲ್ಲಿ ಉಳಿಯಿತು, ನನ್ನ ಕೆನ್ನೆಗೆ ಸಿಕ್ಕಿದ್ದು ಬೋಳು ಮರ, ತಲೆ ಜಾರುತ್ತಿತ್ತು. ಅಷ್ಟು ಚೆಂದದ ಮರ ನನ್ನನ್ನು ಒಲ್ಲೆ ಅಂದಿತು. ನನ್ನ ಗಂಡ ಅಂಥ ಮರಕ್ಕೆ ಮಳೆಗಾಲಕ್ಕೆ ಮುಂಚೆ ಎಣ್ಣೆ ತಿಕ್ಕುತ್ತಿದ್ದದ್ದು ನೆನಪಾಗಿ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಕೋಚ್ ಕಾದರು. ಆಮೇಲೆ ಕಪ್ಪನೆಯದನ್ನು ತೆಗೆದುಕೊಂಡೆ. ಹಿಂದಿನ ಎರಡು ಬಿಲ್ಲೆ ಬಿಚ್ಚಿ ಕೊಟ್ಟರು. ಎರಡು ಪಕ್ಕವೂ ಒಂದೇ ಥರ ಇದ್ದದ್ದರಿಂದ ಎಡಗೆನ್ನೆ ತಾನಾಗಿ ಹೋಗಿ ಕೂತಿತು. ಕಣ್ಣು ತೆರೆದರೆ ನಳಿಗೆಯ ತುದಿಯ ಗುರಿಮೊಳೆ, ಅದರಾಚೆ ಕಪ್ಪು ವೃತ್ತ, ಅಂಚು ಚೂಪಾಗಿ, ತುಂಬಿಕೊಂಡು. ಎಷ್ಟು ವರ್ಷವಾಗಿತ್ತೋ ಹಾಗೆ ಕಂಡು. ಮೈಸೂರಿನ ಅಂಗಡಿಯವನಿಗೆ ಮನಸ್ಸಿನಲ್ಲೇ ತಪ್ಪಾಯಿತು ಅಂದೆ. ಅವನು ನನ್ನ ಕತ್ತು ನೋಡಿ ಹೇಳಿದ್ದ, ಮಾಲು ನೋಡಿ ಅಲ್ಲ.

ಕೋಚ್ ಒಂದು ತೊಡಕು ಹೇಳಿದರು. ಬೋಲ್ಟ್ ಇರುವುದು ಬಲಪಕ್ಕದಲ್ಲಿ. ಎಡಗೈಯವರು ಪ್ರತಿ ಗುಂಡಿಗೂ ರೈಫಲ್ ಇಳಿಸಿ ಎಳೆಯಬೇಕಾಗುತ್ತದೆ, ಎಡಗೈಯವರಿಗೆಂದೇ ಮಾಡಿದ್ದು ಬೇಕೆಂದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಬೇಟೆಯಲ್ಲಿ ಪ್ರಾಣಿ ಎರಡನೇ ಗುಂಡಿಗೆ ಕಾಯುವುದಿಲ್ಲ. ನಾನು ಪೂವಿಯಿಂದ ಅವರಿಗೆ ಇಂಗ್ಲಿಷಿನಲ್ಲಿ ಹೇಳಿಸಿದೆ: ನಮ್ಮ ಬೇಟೆ ಕಂಬಕ್ಕೆ ಕಟ್ಟಿಹಾಕಿದ್ದು, ಓಡುವುದಿಲ್ಲ, ಒಂದು ಸರದಿಗೆ ಒಂದೇ ಗುಂಡು. ಬೋಲ್ಟ್ ಯಾವ ಪಕ್ಕ ಇದ್ದರೂ ನನಗೆ ಒಂದೇ. ಕೋಚ್ ಮೊದಲ ಸಲ ನಕ್ಕರು.

ಹೊರಡುವ ದಿನ

ವಿಮಾನ ನಿಲ್ದಾಣದ ಗೇಟಿನಲ್ಲಿ ಆ ಯಂತ್ರ ಮತ್ತೆ ನೇರ ನೋಡಿ ಅಂದಿತು. ಈ ಸಲ ನಾನು ಹೆದರಲಿಲ್ಲ. ಬಂದ ದಿನ ಅದಕ್ಕೆ ನನ್ನ ಕಣ್ಣಿನ ಬಗ್ಗೆ ಏನು ಗೊತ್ತಾಗಿತ್ತೋ, ಅಥವಾ ಏನೂ ಗೊತ್ತಾಗಿರಲಿಲ್ಲವೋ ತಿಳಿಯದು. ಸಮವಸ್ತ್ರದವನಿಗೆ ನಾನೇ ಬಲಗಣ್ಣು ತೋರಿಸಿ, ಇದು ಕೆಲಸ ಮಾಡಲ್ಲ, ಅದು ಮಾಡುತ್ತೆ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿ ಪಕ್ಕದ ಮೇಜಿಗೆ ನಡೆದೆ.

ಒಳಗೆ ಕೂತು ಬೋಪಣ್ಣನಿಗೆ ಫೋನ್ ಮಾಡಿದೆ. ದನಿ ತಗ್ಗಿಸಿಯೇ ಮಾತಾಡಿದೆ. ಕಪ್ಪು ಸ್ಟಾಕಿನದು ಸಾಕು, ಮರದ್ದನ್ನು ಆ ಗಿರಾಕಿಗೆ ಕೊಡಲಿ ಎಂದು ಅಂಗಡಿಯವನಿಗೆ ತಿಳಿಸು ಅಂದೆ. ಎಡ ಹೆಗಲಿಗೆ ಹಿಡಿಯುತ್ತೇನೆ ಅಂದೆ. ಕಾವೇರಿ ಅವನಿಗೆ ಎಲ್ಲ ಹೇಳಿದ್ದಳು. ಮೊದಲ ಗುಂಡು ನಿಮ್ಮದೇ ದೊಡ್ಡಮ್ಮ, ನಾನು ಯಾವತ್ತೂ ಅದನ್ನು ಬಯಸಿದವನಲ್ಲ, ನೀವು ಎಲ್ಲರ ಮುಂದೆ ಗುರಿ ತಪ್ಪೋದು ನೋಡೋಕಾಗದೆ ಹಾಗಂದೆ ಎಂದು ಒಂದೇ ಉಸಿರಿಗೆ ಹೇಳಿದ.

ನನಗೆ ಇನ್ನೂ ಒಂದು ಲೆಕ್ಕ ಉಳಿದಿತ್ತು. "ನಿಜ ಹೇಳು. ಹೋದ ವರ್ಷ ಕಂಬ ದೂರ ನೆಟ್ಟಿದ್ದೆ ತಾನೇ?"

ಅವನು ಎದ್ದು ಬಾಗಿಲು ಹಾಕಿಕೊಂಡ ಸದ್ದಾಯಿತು.

"ದೂರ ಅಲ್ಲ ದೊಡ್ಡಮ್ಮ, ಹತ್ರ. ನಿಮ್ಮ ಗುರಿ ತಪ್ಪೋಕೆ ಶುರುವಾದಾಗಿಂದ ಪ್ರತಿ ಸಲ ಸ್ವಲ್ಪ ಸ್ವಲ್ಪ ಮುಂದಕ್ಕೆ ತರ್ತಿದ್ದೆ. ಕಾಯಿನೂ ಇರೋದ್ರಲ್ಲಿ ದೊಡ್ಡದೇ ನೋಡಿ ಕಟ್ತಿದ್ದೆ."

ವಿಮಾನಕ್ಕೆ ಕರೆಯುತ್ತಿದ್ದರು, ಜನ ಏಳುತ್ತಿದ್ದರು. ನನ್ನ ಕೈಚೀಲದಲ್ಲಿ ಆ ಆಫೀಸಿನ ಹುಡುಗಿ ಕೊಟ್ಟ ಪೊಟ್ಟಣ ಇನ್ನೂ ಇತ್ತು, ಅದನ್ನು ಹುಡುಕಿ ತೆಗೆದೆ. ಮುಖ ಒರೆಸಿಕೊಂಡು, ಮೈದಾನದಲ್ಲಿ ಮಾತಾಡುವ ನನ್ನ ಹಳೆಯ ದನಿಯಲ್ಲಿ ಹೇಳಿದೆ.

"ಈ ಸಲ ಕಂಬಾನ ನಿನ್ನ ದೊಡ್ಡಪ್ಪ ಇದ್ದಾಗ ಎಲ್ಲಿ ನೆಡ್ತಿದ್ರೋ ಅಲ್ಲೇ ನೆಡು."

"ಆಯ್ತು ದೊಡ್ಡಮ್ಮ."

"ನಿನ್ನ ಮೇಲೆ ನಂಗೆ ನಂಬಿಕೆ ಇಲ್ಲ ಬೋಪಣ್ಣ. ಹಿಂದಿನ ದಿನಾನೇ ಬಂದು ನಾನೇ ಹೆಜ್ಜೆ ಹಾಕಿ ಅಳೀತೀನಿ."